ಎದೆ ಮೇಲೆ ಕನ್ನಡ, ಕೈಗೆ ಗ್ಲೌಸ್: ರೈಡಿಂಗ್ ಬಟ್ಟೆಯ ಒಂದು ಪಾಠ



ನಾವು ನಾಲ್ಕು ಜನ. ಒಬ್ಬ ಕೊಪ್ಪಳದವ, ಒಬ್ಬ ಗಂಗಾವತಿಯವ, ಒಬ್ಬ ಕುಷ್ಟಗಿಯವ, ಇನ್ನೊಬ್ಬ ಯಲಬುರ್ಗಾದವ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಬರಹದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕಳೆದ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಟಿ-ಶರ್ಟ್ ಹಾಕಿಕೊಂಡು ಕೊಪ್ಪಳದಿಂದ ಗಂಗಾವತಿ ಮೇಲೆ ಆನೆಗೊಂದಿಗೆ ಬೈಕ್‌ನಲ್ಲಿ ಹೋಗಿದ್ವಿ. ಎದೆ ಮೇಲೆ ದೊಡ್ಡದಾಗಿ 'ಕನ್ನಡ' ಅಂತ ಪ್ರಿಂಟ್. ಗಂಗಾವತಿ ದಾಟಿದ ಮೇಲೆ ಭತ್ತದ ಗದ್ದೆಯಿಂದ ಬಂದ ಟ್ರ್ಯಾಕ್ಟರ್ ರಸ್ತೆ ಮೇಲೆ ಕೆಸರು ಬಿಟ್ಟು ಹೋಗಿತ್ತು. ನಮ್ಮಲ್ಲೊಬ್ಬ ಜಾರಿಬಿದ್ದ. ಹೆಲ್ಮೆಟ್ ಇತ್ತು, ತಲೆ ಉಳೀತು. ಆದರೆ ಎರಡೂ ಅಂಗೈ ಚರ್ಮ ಕಿತ್ತುಹೋಯ್ತು. ಮೂರು ವಾರ ಪೆನ್ ಹಿಡಿಯೋಕೆ ಆಗಲಿಲ್ಲ, ಇಂಟರ್ನಲ್ಸ್ ತಪ್ಪಿತು. ಆಸ್ಪತ್ರೆಗೆ ಬಂದ ಅವನ ಅವ್ವ ಅಂದದ್ದು ಒಂದೇ ಮಾತು: "ಎದಿ ಮ್ಯಾಲೆ ಕನ್ನಡ ಐತಿ, ಕೈಗೆ ಏನೂ ಇಲ್ಲಲ್ಲೋ ಯಪ್ಪಾ!"

ಆ ಮಾತಿನಿಂದಲೇ ಈ ಪಾಠ ಶುರು.

ಬೈಕ್ ಬಟ್ಟೆ ಹುಟ್ಟಿದ್ದು ಹೇಗೆ?

ಸಿನಿಮಾದಲ್ಲಿ ಹೀರೋ ಹಾಕೋ ಕಪ್ಪು ಚರ್ಮದ ಜಾಕೆಟ್ ಫ್ಯಾಷನ್ನಿಗೆ ಹುಟ್ಟಿದ್ದಲ್ಲ. 1928ರಲ್ಲಿ ನ್ಯೂಯಾರ್ಕ್‌ನ ಇರ್ವಿಂಗ್ ಶಾಟ್ 'ಪರ್ಫೆಕ್ಟೊ' ಅನ್ನೋ ಜಾಕೆಟ್ ಮಾಡಿದರು. ಗುಂಡಿ ಬದಲು ಜಿಪ್ ಇಟ್ಟದ್ದು ಗಾಳಿ ಒಳಗೆ ನುಗ್ಗಬಾರದು ಅಂತ. 1953ರಲ್ಲಿ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಮರ್ಲಾನ್ ಬ್ರಾಂಡೊ ಅಂಥದೇ ಜಾಕೆಟ್ ಹಾಕಿದ ಮೇಲೆ ಅದು ಸ್ಟೈಲ್ ಆಯ್ತು. ಮೊದಲು ಕೆಲಸ, ಆಮೇಲೆ ಸ್ಟೈಲ್.

ನಮ್ಮಲ್ಲೂ ಇಂಥ ಅಭಿಮಾನ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ ಜಾವಾ, ಆಮೇಲೆ ಯೆಜ್ಡಿ ಬೈಕ್ ಮಾಡಿ 1996ರಲ್ಲಿ ಮುಚ್ಚಿತು. ಕಾರ್ಖಾನೆ ಹೋದರೂ ಪ್ರೀತಿ ಹೋಗಲಿಲ್ಲ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಹಳೇ ಬೈಕ್‌ನವರು ಸೇರ್ತಾರೆ. ಬ್ಯಾಡ್ಜ್, ಟಿ-ಶರ್ಟ್, ಕೀ ಚೈನ್ ಎಲ್ಲದರ ಮೇಲೂ ಅದೇ ಹೆಸರು. ಒಂದು ಬೈಕ್ ಊರಿನ ನೆನಪಾಗಿ ಬಟ್ಟೆಗೆ ಬರೋದು ಅಂದ್ರೆ ಇದೇ.

ಸ್ವಲ್ಪ ಲೆಕ್ಕ ಮಾಡೋಣ

60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 16.7 ಮೀಟರ್. ಬಿದ್ದವನ ಬಟ್ಟೆಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕ 0.6 ಅಂದುಕೊಳ್ಳಿ. ವೇಗದ ವರ್ಗವನ್ನು 2 × 0.6 × 9.8 ರಿಂದ ಭಾಗಿಸಿದರೆ ಸುಮಾರು 24 ಮೀಟರ್ ಬರುತ್ತೆ. ಕ್ರಿಕೆಟ್ ಪಿಚ್ ಇರೋದೇ 20 ಮೀಟರ್! ಅಷ್ಟು ದೂರ, ಹತ್ತಿರ ಹತ್ತಿರ ಮೂರು ಸೆಕೆಂಡು, ನಾವು ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗ್ತೀವಿ. ತೆಳು ಕಾಟನ್ ಟಿ-ಶರ್ಟ್ ಅಷ್ಟು ಹೊತ್ತು ತಾಳಲ್ಲ. ಪಾಲಿಯೆಸ್ಟರ್ ಆದ್ರೆ ಬಿಸಿಗೆ ಕರಗಿ ಗಾಯಕ್ಕೆ ಅಂಟಬಹುದು.

ಎರಡನೇದು ಪೆಟ್ಟು. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೀತೀವಲ್ಲ, ಅದೇ ತತ್ವ: ನಿಲ್ಲೋ ಸಮಯ ಜಾಸ್ತಿಯಾದ್ರೆ ಬಲ ಕಡಿಮೆ. ಜಾಕೆಟ್‌ನ ಭುಜ, ಮೊಣಕೈಯಲ್ಲಿರೋ ಪ್ಯಾಡ್ ಇದನ್ನೇ ಮಾಡುತ್ತೆ. ಯುರೋಪಿನ ಇಎನ್ 1621-1 ಮಾನದಂಡದಲ್ಲಿ ಪ್ಯಾಡ್ ಮೇಲೆ 50 ಜೂಲ್‌ನ ಪೆಟ್ಟು ಹಾಕಿ ನೋಡ್ತಾರೆ. ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ರೆ ಲೆವೆಲ್ 1, 20 ಮೀರದಿದ್ರೆ ಲೆವೆಲ್ 2. ಕೊಳ್ಳುವಾಗ ಪ್ಯಾಡ್ ಹೊರಗೆ ತೆಗೆದು ಅದರ ಮೇಲೆ ಅಚ್ಚಾಗಿರೋದನ್ನ ಓದಿ. ಹೆಲ್ಮೆಟ್‌ಗೆ ನಮ್ಮ ದೇಶದ್ದು ಐಎಸ್ 4151, ಐಎಸ್ಐ ಗುರುತು ಇರಲೇಬೇಕು.

ಹಾಗಾದ್ರೆ ನಮ್ಮೂರು ಎಲ್ಲಿರಲಿ?

ಈ ವರ್ಷದ ರೈಡ್‌ಗೆ ನಾಲ್ಕು ತಾಲ್ಲೂಕಿನಿಂದ ಒಂದೊಂದು ಕಲೆ ತರೋಣ ಅಂತ ಕೂತು ಚರ್ಚೆ ಮಾಡಿದ್ವಿ.

ಕೊಪ್ಪಳದ ಪಕ್ಕದ ಕಿನ್ನಾಳ. ಚಿತ್ರಗಾರರು ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಸೇರಿದ 'ಕಿಟ್ಟ' ಹಚ್ಚಿ ಬಣ್ಣ ಹಾಕ್ತಾರೆ. ನಮಗೆ ಮೊದಲು ಹೊಳೆದದ್ದು ಹೆಲ್ಮೆಟ್ ಮೇಲೆ ಪೇಂಟ್ ಮಾಡಿಸೋದು. ಬೇಡ! ಎಬಿಎಸ್, ಪಾಲಿಕಾರ್ಬೊನೇಟ್ ಚಿಪ್ಪಿಗೆ ಪೇಂಟ್, ಥಿನ್ನರ್ ತಾಗಿದ್ರೆ ಕಣ್ಣಿಗೆ ಕಾಣದ ಬಿರುಕು ಬಂದು ಗಟ್ಟಿತನ ಕಮ್ಮಿಯಾಗಬಹುದು. ಕಿನ್ನಾಳದ ಕಲೆ ಮರದ ಕೀ ಚೈನ್ ಮೇಲಿರಲಿ.

ಯಲಬುರ್ಗಾ ಕಡೆ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಅಜ್ಜಿಯಂದಿರ ಬಟ್ಟೆಯ ಕನ್ನಡಿ ಬಿಲ್ಲೆ ನೋಡಿ ನಮಗೆ ರಿಫ್ಲೆಕ್ಟರ್ ನೆನಪಾಯ್ತು. ಆದರೆ ಸಪಾಟು ಕನ್ನಡಿಯಲ್ಲಿ ಪತನ ಕೋನ, ಪ್ರತಿಫಲನ ಕೋನ ಸಮ. ಓರೆಯಾಗಿ ಬಿದ್ದ ಲಾರಿ ಲೈಟು ಇನ್ನೆಲ್ಲೋ ಹೋಗುತ್ತೆ. ರಿಫ್ಲೆಕ್ಟಿವ್ ಟೇಪಿನ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ಕಡೆಗೇ ಕಳಿಸ್ತವೆ, ಡ್ರೈವರ್ ಕಣ್ಣಿಗೇ. ಜೊತೆಗೆ ಬಿದ್ದಾಗ ಗಾಜು ಒಡೆದು ಚುಚ್ಚುತ್ತೆ. ಅದಕ್ಕೆ ಲಂಬಾಣಿ ವಿನ್ಯಾಸದಲ್ಲೇ ಟೇಪ್ ಕತ್ತರಿಸಿ ಬೆನ್ನಿಗೆ ಹೊಲಿಸೋದು ಅಂತ ತೀರ್ಮಾನ. ಕುಷ್ಟಗಿ ಹೆದ್ದಾರಿಯಲ್ಲಿ ರಾತ್ರಿ ಓಡಾಡೋರಿಗೆ ಇದರ ಬೆಲೆ ಗೊತ್ತು.

ಕುಷ್ಟಗಿಯಿಂದ ಅದೇ ಹೆದ್ದಾರಿ ಹಿಡಿದ್ರೆ ಮುಂದೆ ಇಳಕಲ್. ಇಳಕಲ್ ಸೀರೆಯ ಕೆಂಪು ಸೆರಗಿನ ಪಟ್ಟಿಯನ್ನು ಜಾಕೆಟ್ ಎದೆಗೆ ಅಥವಾ ಕಾಲರ್ ಒಳಗೆ ಹೊಲಿಸಬಹುದು. ಮೊದಲು ಉಜ್ಜೋದು ಭುಜ, ಮೊಣಕೈ. ಅಲ್ಲಿ ಹೊಸ ಹೊಲಿಗೆ ಬೇಡ, ಸೂಜಿ ತೂತು ಬಟ್ಟೆಯನ್ನ ದುರ್ಬಲ ಮಾಡುತ್ತೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹೆಣ್ಮಕ್ಕಳು ಬಾಳೆನಾರಿನ ಚೀಲ ಹೆಣೀತಾರೆ. ಹೆಲ್ಮೆಟ್ ಇಡೋಕೆ ಹೇಳಿ ಮಾಡಿಸಿದ ಹಾಗಿದೆ.

"ಈ ಬಿಸಿಲಿಗೆ ಜಾಕೆಟ್ ಯಾರ್ ಹಾಕ್ತಾರಲೇ?" ಅಂತ ನೀವು ಕೇಳ್ತೀರಿ. ನಾವೂ ಕೇಳಿದ್ವಿ. ಗಾಳಿಯಾಡೋ ಜಾಳಿಗೆಯ ಮೆಶ್ ಜಾಕೆಟ್ ಬರುತ್ತೆ. ದುಡ್ಡು ಕಮ್ಮಿ ಇದ್ರೆ ಈ ಕ್ರಮದಲ್ಲಿ ಕೊಳ್ಳಿ: ಹೆಲ್ಮೆಟ್, ಗ್ಲೌಸ್, ಶೂ, ಜಾಕೆಟ್, ಕೊನೆಗೆ ಟಿ-ಶರ್ಟ್. ಬೀಳುವಾಗ ಯಾರೇ ಆಗಲಿ ಮೊದಲು ಕೈ ಊರ್ತಾರೆ, ಅದಕ್ಕೇ ಗ್ಲೌಸ್ ಎರಡನೇದು.

ಈ ಸಲ ನಮ್ಮ ಸಂಘದ ಟಿ-ಶರ್ಟ್ ದುಡ್ಡಲ್ಲಿ ಎಲ್ಲರಿಗೂ ಗ್ಲೌಸ್ ತರಿಸೋಣ ಅಂತ ಕೇಳಿದ್ದೀವಿ. ಮಣಿಕಟ್ಟಿನ ಪಟ್ಟಿ ಹಳದಿ-ಕೆಂಪು ಇರುತ್ತೆ. ಬಿದ್ದ ಗೆಳೆಯನೂ ಬರ್ತಾನೆ, ಅವನ ಅವ್ವ ಒಪ್ಪಿದ್ದಾರೆ. ಷರತ್ತು ಒಂದೇ: ಹೊರಡೋ ಮುಂಚೆ ನಾಲ್ಕೂ ಜನ ಅವರಿಗೆ ಕೈ ತೋರಿಸಿ ಹೋಗಬೇಕು.