ವಾಹನದ ಹೊರಭಾಗಗಳ ಬಣ್ಣಗೆಡುವಿಕೆ: ತಡೆಯುವ ಬಗೆ ಮತ್ತು ಲೆಕ್ಕಪತ್ರದ ದೃಷ್ಟಿ

ಕೊಡ್ಲಿಪೇಟೆಯ ವರ್ತಕರೊಬ್ಬರು ಆರು ವರ್ಷ ಬಳಸಿದ ಕಾರನ್ನು ಮಾರಲು ಹೊರಟಿದ್ದರು. ಕೊಳ್ಳಲು ಬಂದವರು ಎಂಜಿನ್ನಿನ ಸದ್ದು ಕೇಳುವ ಮೊದಲೇ ಬಂಪರಿನ ಕಪ್ಪು ಅಂಚನ್ನು ಬೆರಳಿನಿಂದ ಒರೆಸಿ ನೋಡಿದರು. ಬೆರಳಿಗೆ ಬೂದಿಯಂತಹ ಪುಡಿ ಅಂಟಿತು. ವೈಪರಿನ ತೋಳುಗಳು ಬೂದುಬಣ್ಣಕ್ಕೆ ತಿರುಗಿ, ಬುಡದಲ್ಲಿ ತುಕ್ಕು ಕಾಣುತ್ತಿತ್ತು. "ಗಾಡಿ ಬಿಸಿಲಿನಲ್ಲೇ ನಿಂತಿತ್ತಲ್ಲ ಸ್ವಾಮಿ" ಎಂದು ಅವರು ಬೆಲೆಯನ್ನು ಇಳಿಸಿದರು. ಎಂಜಿನ್ ಸುಸ್ಥಿತಿಯಲ್ಲಿತ್ತು ಎಂಬುದು ಆಮೇಲೆ ಲೆಕ್ಕಕ್ಕೆ ಬರಲಿಲ್ಲ. ಆ ಮಾರಾಟದ ಲೆಕ್ಕವನ್ನು ಬರೆಯುವಾಗ, ಯಾವ ಖಾತೆಯಲ್ಲಿಯೂ ಕಾಣಿಸಿಕೊಳ್ಳದ ಈ ನಷ್ಟದ ಬಗ್ಗೆ ನಮ್ಮ ವರ್ತಕ ಬಾಂಧವರ ಗಮನ ಸೆಳೆಯಬೇಕೆನಿಸಿತು.

ವಾಹನದ ಹೊರಗಿನ ಕಪ್ಪು ಭಾಗಗಳು, ಅಂದರೆ ಬಂಪರಿನ ಅಂಚು, ಬಾಗಿಲಿನ ಪಟ್ಟಿ, ಕನ್ನಡಿಯ ಬುಡ, ಮುಂಗಾಜಿನ ಕೆಳಗಿನ ಜಾಲರಿ ಇತ್ಯಾದಿಗಳು, ಬಹುತೇಕ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕಿನವು. ಇವಕ್ಕೆ ಬಣ್ಣದ ಮೇಲ್ಪದರ ಇರುವುದಿಲ್ಲ. ಬಣ್ಣವು ಪ್ಲಾಸ್ಟಿಕ್ಕಿನೊಳಗೇ ಬೆರೆತಿರುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಮೇಲ್ಮೈ ಒಡೆದು ಪುಡಿಯಾಗುತ್ತದೆ, ಆ ಪುಡಿಯೇ ನಮಗೆ ಬಿಳಿಚಿದಂತೆ ಕಾಣುತ್ತದೆ. ವೈಪರಿನ ತೋಳಿನ ವಿಚಾರ ಬೇರೆ. ಅದು ಲೋಹದ್ದು; ಮೇಲೆ ಕಪ್ಪು ಲೇಪನವಿರುತ್ತದೆ. ಲೇಪನ ತೆಳುವಾದೊಡನೆ ನೀರು ಲೋಹವನ್ನು ತಲುಪುತ್ತದೆ.

ಮಳೆಗಾಲದಲ್ಲಿ ಬಿಸಿಲಿನ ಭಯವಿಲ್ಲ ಎಂಬುದು ನಮ್ಮಲ್ಲಿ ರೂಢಿಯಾಗಿರುವ ತಪ್ಪು ತಿಳಿವಳಿಕೆ. ತೆಳು ಮೋಡದ ಮೂಲಕ ನೇರಳಾತೀತ ಕಿರಣಗಳ ಶೇ. 80ರವರೆಗೂ ನೆಲವನ್ನು ತಲುಪಬಲ್ಲವು. ಅಲ್ಲದೆ ಎತ್ತರ 1,000 ಮೀಟರ್ ಏರಿದಂತೆ ಅವುಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವುದು, ಬಳಿಕ ಕಾಫಿ ಕಣದಲ್ಲಿ ಹಣ್ಣು ಒಣಗುವಂತಹ ಬಿಸಿಲಿಗೆ ಒಡ್ಡಿಕೊಳ್ಳುವುದು: ಉತ್ತರ ಕೊಡಗಿನ ವಾಹನಗಳಿಗೆ ಈ ಎರಡೂ ತಪ್ಪಿದ್ದಲ್ಲ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ತೋಳಿನ ಕೀಲು ತುಕ್ಕಿನಿಂದ ಬಿಗಿದುಕೊಂಡರೆ ಒಳಗಿನ ಸ್ಪ್ರಿಂಗ್ ರಬ್ಬರನ್ನು ಗಾಜಿಗೆ ಸರಿಯಾಗಿ ಒತ್ತಲಾರದು. ಶನಿವಾರಸಂತೆಯ ಹಾದಿಯಲ್ಲಿ ಜುಲೈ ತಿಂಗಳ ರಾತ್ರಿ ಗಾಡಿ ಓಡಿಸಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೆಯ ನಿಯಮವೂ ಸಮರ್ಥವಾಗಿ ಕೆಲಸ ಮಾಡುವ ವೈಪರನ್ನು ಕಡ್ಡಾಯಗೊಳಿಸಿದೆ.

ರಕ್ಷಣೆಯ ಕ್ರಮಗಳಲ್ಲಿ ಮೊದಲನೆಯದು ನೆರಳು. ಅದಕ್ಕೆ ಸಮನಾದುದು ಬೇರೊಂದಿಲ್ಲ. ಗೋದಾಮಿನ ಪಕ್ಕ ಒಂದು ತಗಡಿನ ಚಪ್ಪರವಿದ್ದರೂ ಸಾಕು. ಎರಡನೆಯದು ಸೌಮ್ಯವಾದ ವಾಹನ ಶಾಂಪೂವಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ, ನೇರಳಾತೀತ ಕಿರಣಗಳನ್ನು ತಡೆಯುವ ಅಂಶವುಳ್ಳ ನೀರು ಆಧಾರಿತ ಲೇಪವನ್ನು ಬಟ್ಟೆಯಿಂದ ತೆಳುವಾಗಿ ಹಚ್ಚುವುದು. ಇದು ಕೆಲವು ವಾರಗಳು ಬಾಳುತ್ತದೆ. ಪ್ಲಾಸ್ಟಿಕ್ಕಿಗೆಂದೇ ಬರುವ ಸಿರಾಮಿಕ್ ಲೇಪನ ದುಬಾರಿ, ಆದರೆ ಬಾಳಿಕೆ ಹೆಚ್ಚು. ಮೇಲ್ಮೈ ಹೊಸದಾಗಿರುವಾಗಲೇ ಹಾಕಿಸಿದರೆ ಮಾತ್ರ ಅದಕ್ಕೆ ತೆತ್ತ ಹಣ ಸಾರ್ಥಕ. ಡೀಸೆಲ್, ಸೀಮೆಎಣ್ಣೆ ಒರೆಸಿ ಹೊಳಪು ತರಿಸುವ ಹಳೆಯ ಚಾಳಿಯನ್ನು ದಯವಿಟ್ಟು ಬಿಡಬೇಕು. ಅದು ಎರಡು ದಿನ ಮಿನುಗಿ, ಧೂಳನ್ನು ಹಿಡಿದಿಟ್ಟು, ಅಂಚಿನ ರಬ್ಬರನ್ನು ಉಬ್ಬಿಸುತ್ತದೆ. ಬಣ್ಣದ ಮೇಲೆ ಹಾಕುವ ಮೇಣವನ್ನು ಒರಟು ಪ್ಲಾಸ್ಟಿಕ್ಕಿಗೆ ತಾಗಿಸಬಾರದು; ಬಿಳಿ ಕಲೆ ಕುಳಿತರೆ ತೆಗೆಯುವುದು ಕಷ್ಟ. ಯಾವ ಲೇಪವನ್ನೇ ಆಗಲಿ ವೈಪರಿನ ರಬ್ಬರಿಗೆ ಹಚ್ಚಕೂಡದು, ಗಾಜು ಮಸುಕಾಗುತ್ತದೆ.

ತೋಳುಗಳು ಬಣ್ಣ ಕಳೆದುಕೊಂಡಿದ್ದರೆ ಮೇ ತಿಂಗಳಲ್ಲಿಯೇ ಬಣ್ಣ ಹಾಕಿಸುವುದು ಲೇಸು. ಬಿಚ್ಚುವ ಮೊದಲು ಗಾಜಿನ ಮೇಲೆ ತೋಳು ನಿಲ್ಲುವ ಜಾಗಕ್ಕೆ ಟೇಪು ಅಂಟಿಸಿ ಗುರುತು ಮಾಡಬೇಕು. ಇಲ್ಲವಾದರೆ ಮತ್ತೆ ಕೂರಿಸಿದಾಗ ಅದು ಬೇರೆ ಕೋನದಲ್ಲಿ ನಿಲ್ಲುತ್ತದೆ. ನಯವಾದ ಉಪ್ಪುಕಾಗದದಿಂದ ತುಕ್ಕನ್ನು ಉಜ್ಜಿ, ಪ್ರೈಮರ್ ಹಾಕಿ, ಹೊಳಪಿಲ್ಲದ ಕಪ್ಪು ಬಣ್ಣವನ್ನು ಎರಡು ಮೂರು ತೆಳು ಪದರಗಳಲ್ಲಿ ಸಿಂಪಡಿಸಬೇಕು. ಹೊಳೆಯುವ ಕಪ್ಪು ಬೇಡ. ರಾತ್ರಿ ಎದುರು ಬರುವ ವಾಹನದ ಬೆಳಕು ಅದರಿಂದ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ರಬ್ಬರಿಲ್ಲದ ತೋಳು ಗಾಜಿನ ಮೇಲೆ ಬಿದ್ದು ಗಾಜೇ ಸೀಳಿದ ಉದಾಹರಣೆಗಳುಂಟು. ಆದ್ದರಿಂದ ಕೆಲಸ ಮುಗಿಯುವವರೆಗೆ ಗಾಜಿನ ಮೇಲೆ ದಪ್ಪ ಬಟ್ಟೆ ಇರಲಿ.

ಇನ್ನು ಲೆಕ್ಕದ ಮಾತು. ಬಣ್ಣಗೆಡುವಿಕೆಗೆ ವಿಮೆಯಿಂದ ಪರಿಹಾರ ದೊರೆಯುವುದಿಲ್ಲ; ಅದು ಸಹಜ ಸವೆತ. ಅಪಘಾತದಲ್ಲಿ ಈ ಭಾಗಗಳು ಮುರಿದಾಗಲೂ 2002ರ ಮೋಟಾರು ವಿಮಾ ದರಸೂಚಿಯಿಂದ ಬಂದ ಪದ್ಧತಿಯಂತೆ ಪ್ಲಾಸ್ಟಿಕ್ ಹಾಗೂ ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿಯನ್ನು ಕಳೆಯುತ್ತಾರೆ. ವಾಹನ ಹೊಸದೋ ಹಳೆಯದೋ ಎಂಬ ಭೇದವಿಲ್ಲ. ರೂ. 8,000ದ ಭಾಗಗಳಿಗೆ ರೂ. 4,000 ನಿಮ್ಮ ಕಿಸೆಯಿಂದಲೇ, ಕಡ್ಡಾಯ ಕಡಿತ ಬೇರೆ. ಸವಕಳಿರಹಿತ ರಕ್ಷಣೆಯನ್ನು ಹೆಚ್ಚುವರಿಯಾಗಿ ಪಡೆದವರಿಗೆ ಮಾತ್ರ ಇದರಿಂದ ವಿನಾಯಿತಿ. ಸರಕು ವಾಹನವುಳ್ಳವರು ಪಾಲಿಸಿಯಲ್ಲಿ ಐಎಂಟಿ 23 ಎಂಬ ಷರತ್ತು ಸೇರಿದೆಯೇ ಎಂದು ಪರಿಶೀಲಿಸತಕ್ಕದ್ದು. ಅದಿಲ್ಲದಿದ್ದರೆ ಭಾಗಶಃ ಹಾನಿಯಲ್ಲಿ ಬಂಪರ್, ದೀಪ, ಮಡ್‌ಗಾರ್ಡ್‌ಗಳಿಗೆ ಸಾಮಾನ್ಯವಾಗಿ ಪರಿಹಾರವೇ ಸಲ್ಲದು.

ತೋಳಿಗೆ ಬಣ್ಣ, ರಬ್ಬರ್ ಬದಲಾವಣೆ, ಲೇಪನ ಇವೆಲ್ಲ ಚಾಲ್ತಿ ದುರಸ್ತಿಗಳು. ಆಯಾ ವರ್ಷದ ಲಾಭದಲ್ಲಿ ಕಳೆಯಬಹುದಾದ ರಾಜಸ್ವ ವೆಚ್ಚಗಳು. ಇರುವ ಆಸ್ತಿಯನ್ನು ಕಾಪಾಡುವುದು ದುರಸ್ತಿ, ಹೊಸ ಆಸ್ತಿಯನ್ನು ತರುವುದು ದುರಸ್ತಿಯಲ್ಲ ಎಂಬ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಎಳೆದಿದೆ. ಕಾರನ್ನು ಮನೆಯವರೂ ಬಳಸುತ್ತಿದ್ದರೆ ಆ ಪ್ರಮಾಣವನ್ನು ಪ್ರಾಮಾಣಿಕವಾಗಿ ಬಿಟ್ಟುಬಿಡಬೇಕು. ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18. ಸರಕು ಸಾಗಣೆಯ ಪಿಕಪ್ಪಿನ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ದೊರೆಯುತ್ತದೆ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ನೋಂದಣಿ ಸಂಖ್ಯೆಯ ಸಹಿತ ಇರಬೇಕು. ಸಾಮಾನ್ಯ ವರ್ತಕರ ಕಾರಿನ ದುರಸ್ತಿಗೆ ಈ ಜಮೆ ಇಲ್ಲ.

ಮೊದಲು ಹೇಳಿದ ಮಾರಾಟಕ್ಕೆ ಮರಳಿದರೆ, ಉದಾಹರಣೆಗಾಗಿ ರೂ. 7,00,000ದ ಕಾರಿಗೆ ಶೇ. 15ರಂತೆ ಆರು ವರ್ಷ ಸವಕಳಿ ಕಳೆದರೆ ಪುಸ್ತಕದಲ್ಲಿ ಉಳಿಯುವುದು ಸುಮಾರು ರೂ. 2,64,000. ಜಿಎಸ್‌ಟಿ ನೋಂದಾಯಿತ ವರ್ತಕರು ಬಳಸಿದ ವಾಹನವನ್ನು ಮಾರಿದಾಗ, ಖರೀದಿಯಲ್ಲಿ ತೆರಿಗೆ ಜಮೆ ಪಡೆದಿರದಿದ್ದರೆ, ಈ ಮೊತ್ತಕ್ಕಿಂತ ಹೆಚ್ಚಿಗೆ ಬಂದ ಹಣದ ಮೇಲೆ ಮಾತ್ರ ಶೇ. 18 ತೆರಿಗೆ. ಬಣ್ಣಗೆಟ್ಟ ಗಾಡಿ ರೂ. 2,60,000ಕ್ಕೆ ಹೋದರೆ ಈ ತೆರಿಗೆ ಇಲ್ಲ. ಸುಸ್ಥಿತಿಯ ಗಾಡಿ ರೂ. 3,00,000ಕ್ಕೆ ಹೋದರೆ ರೂ. 36,000ದ ಮೇಲೆ ರೂ. 6,480 ತೆರಿಗೆ, ಅದನ್ನು ಕಳೆದೂ ಕೈಗೆ ರೂ. 33,520 ಹೆಚ್ಚು. ಮಾರಾಟದ ಹಣ ಸವಕಳಿಯ ಆಸ್ತಿ ಸಮೂಹದಲ್ಲಿ ಕಳೆಯುವುದರಿಂದ ಮುಂದಿನ ಸವಕಳಿ ಅಷ್ಟು ತಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.