ಹವ್ಯಾಸದ ಗರಗಸ ಕಲಿಸುವ ಪಾಠಗಳು

ಗರಗಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದಿಮ್ಮಿಯನ್ನು ಸೀಳುವ ಉದ್ದನೆಯ ಉಕ್ಕಿನ ಪಟ್ಟಿ ಮತ್ತು ಅದನ್ನು ಎಳೆದಾಡುವ ಗಟ್ಟಿ ತೋಳುಗಳು. ಗರಗಸಗಳ ಕುಲದಲ್ಲಿ ಇದಕ್ಕೆ ತೀರ ವಿರುದ್ಧ ಸ್ವಭಾವದ ಇನ್ನೊಂದು ಉಂಟು. ಅದರ ಅಲಗು ಅರ್ಧ ಮಿಲಿಮೀಟರಿಗಿಂತಲೂ ತೆಳು. ಹಲಗೆಯ ಮೇಲೆ ಬಳ್ಳಿಯನ್ನಾಗಲಿ, ಹಕ್ಕಿಯನ್ನಾಗಲಿ, ಅಕ್ಷರವನ್ನಾಗಲಿ ಬರೆದರೆ ಆ ಗೆರೆಯ ಗುಂಟವೇ ಅದು ಕೊಯ್ಯಬಲ್ಲುದು. ಕೈಯಿಂದ ನಡೆಸುವ ಉಪಕರಣಕ್ಕೆ ಫ್ರೆಟ್ ಗರಗಸವೆಂದೂ, ಮೋಟರಿನಿಂದ ನಡೆಯುವ ಯಂತ್ರಕ್ಕೆ ಸ್ಕ್ರೋಲ್ ಗರಗಸವೆಂದೂ ಹೆಸರು. ಯಂತ್ರದಲ್ಲಿ ಮೋಟರಿನ ಸುತ್ತುವ ಚಲನೆಯು ಏರಿಳಿಯುವ ಚಲನೆಯಾಗಿ ಮಾರ್ಪಟ್ಟು, ಮೇಲಿನ ತೋಳಿಗೂ ಕೆಳಗಿನ ತೋಳಿಗೂ ನಡುವೆ ಬಿಗಿದ ಅಲಗನ್ನು ಕುಣಿಸುತ್ತದೆ. ಅಲಗು ಇದ್ದಲ್ಲಿಯೇ ಇರುತ್ತದೆ. ಹಲಗೆಯನ್ನು ಮೇಜಿನ ಮೇಲೆ ತಿರುಗಿಸುವ ಕೆಲಸ ನಮ್ಮ ಕೈಗಳದು.

ಬಿಡುವಿನ ವೇಳೆಯಲ್ಲಿ ಈ ಯಂತ್ರದ ಮುಂದೆ ಕುಳಿತವರು ಬಹು ಬೇಗನೆ ಕಂಡುಕೊಳ್ಳುವ ಸಂಗತಿಯೆಂದರೆ, ಇಲ್ಲಿ ಬಲಪ್ರಯೋಗಕ್ಕೆ ಬೆಲೆಯಿಲ್ಲವೆಂಬುದು. ಅಲಗು ಮುರಿಯಿತೆ, ಗೆರೆ ತಪ್ಪಿತೆ, ಅಂಚು ಸುಟ್ಟು ಕಪ್ಪಾಯಿತೆ? ಪ್ರತಿಯೊಂದಕ್ಕೂ ಒಂದು ಭೌತಕಾರಣವಿದೆ. ಕಾರಣವನ್ನು ಹುಡುಕಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವವನು ಮುಂದುವರಿಯುತ್ತಾನೆ. ಇನ್ನಷ್ಟು ಒತ್ತಿ ನೂಕುವವನು ಅಲಗುಗಳನ್ನು ಮುರಿಯುತ್ತಾನೆ. ಆದುದರಿಂದ ಈ ಯಂತ್ರ ಒಂದು ಪುಟ್ಟ ಪ್ರಯೋಗಶಾಲೆಯೆಂದರೆ ಅತಿಶಯೋಕ್ತಿಯಾಗದು. ಈ ಹವ್ಯಾಸದಿಂದ ನಾವು ಕಲಿತ ಕೆಲವು ಪಾಠಗಳನ್ನು ಅವುಗಳ ಕಾರಣಗಳೊಡನೆ ಇಲ್ಲಿ ಪರಿಶೀಲಿಸೋಣ.

ಹಿಂದಿನ ಕಥೆ

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಪೀಠೋಪಕರಣಗಳನ್ನು ಮಾಡುತ್ತಿದ್ದ ಆಂದ್ರೆ ಶಾರ್ಲ್ ಬೂಲ್ (೧೬೪೨–೧೭೩೨) ಎಂಬಾತನು ಹಿತ್ತಾಳೆಯ ತಗಡನ್ನೂ ಆಮೆಯ ಚಿಪ್ಪಿನ ಹಾಳೆಯನ್ನೂ ಒಂದರ ಮೇಲೊಂದು ಅಂಟಿಸಿ, ಎರಡನ್ನೂ ಕೂಡಿಯೇ ಇಂಥ ಸಣ್ಣ ಗರಗಸದಿಂದ ಕೊಯ್ಯುತ್ತಿದ್ದನು. ಹೀಗೆ ಕೊಯ್ದಾಗ ಒಂದರಿಂದ ಬಂದ ಚೂರು ಇನ್ನೊಂದರ ಕಂಡಿಯಲ್ಲಿ ಸರಿಯಾಗಿ ಕೂರುತ್ತದೆ. ಒಂದೇ ಶ್ರಮದಿಂದ ಎರಡು ಚಿತ್ರಗಳು ದೊರೆಯುತ್ತವೆ. ೧೭೬೦ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆಗಾರನು ಭೂಪಟವನ್ನು ತೆಳುಹಲಗೆಗೆ ಅಂಟಿಸಿ, ದೇಶಗಳ ಗಡಿಗಳ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸುವ ಸಾಧನವಾಗಿ ಮಾರಿದನು. ಇಂದು ಜಿಗ್‌ಸಾ ಎಂದು ಪ್ರಸಿದ್ಧವಾದ ಜೋಡಣೆಯ ಆಟಕ್ಕೆ ಇದೇ ಮೂಲ.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಹೊಸದಲ್ಲ. ಬೀಟೆಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರಗಳ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಕೆಲಸಕ್ಕೆ ಮೈಸೂರು ಹೆಸರಾಗಿದೆ. ಆ ಕುಶಲಕರ್ಮಿಗಳು ಚೂರುಗಳನ್ನು ಕತ್ತರಿಸುವುದು ಫ್ರೆಟ್ ಗರಗಸದಿಂದಲೇ. ಹವ್ಯಾಸಿಯ ಯಂತ್ರವೂ ಆ ಕೈಗರಗಸವೂ ಒಂದೇ ನಿಯಮಗಳಿಗೆ ಅಧೀನವಾಗಿವೆ.

ಹಲ್ಲಿನ ಲೆಕ್ಕ

ಮೊದಲನೆಯ ಪಾಠ ಹಲ್ಲಿನ ದಿಕ್ಕನ್ನು ಕುರಿತದ್ದು. ಅಲಗನ್ನು ಹಲ್ಲುಗಳು ಕೆಳಮುಖವಾಗಿರುವಂತೆ ಕೂರಿಸಬೇಕು. ಆಗ ಅಲಗು ಇಳಿಯುವಾಗ ಕೊಯ್ಯುತ್ತದೆ; ಆ ಬಲವು ಹಲಗೆಯನ್ನು ಮೇಜಿಗೆ ಒತ್ತುತ್ತದೆ. ತಲೆಕೆಳಗಾಗಿ ಕೂರಿಸಿದರೆ ಅಲಗು ಹಲಗೆಯನ್ನೇ ಮೇಲಕ್ಕೆತ್ತಿ ಪಟಪಟನೆ ಬಡಿಯುತ್ತದೆ. ಕೆಲವು ಅಲಗುಗಳಲ್ಲಿ ಕೆಳತುದಿಯ ಕೆಲವು ಹಲ್ಲುಗಳು ಮಾತ್ರ ಮೇಲ್ಮುಖವಾಗಿರುತ್ತವೆ. ಹಲಗೆಯ ಅಡಿಭಾಗದಲ್ಲಿ ಸಿಬಿರು ಏಳದಂತೆ ಅವು ಅಂಚನ್ನು ಶುಚಿಮಾಡುತ್ತವೆ.

ಈಗ ವೇಗವನ್ನು ಲೆಕ್ಕ ಹಾಕೋಣ. ಅಲಗಿನ ಏರಿಳಿತ ೧೯ ಮಿಲಿಮೀಟರು ಎಂದಿಟ್ಟುಕೊಂಡರೆ, ಒಮ್ಮೆ ಇಳಿದು ಏರುವಷ್ಟರಲ್ಲಿ ಅದು ೩೮ ಮಿಲಿಮೀಟರು ಚಲಿಸುತ್ತದೆ. ನಿಮಿಷಕ್ಕೆ ೧೦೦೦ ಸಲವಾದರೆ ೩೮ ಮೀಟರು. ಅಂದರೆ ಸೆಕೆಂಡಿಗೆ ಸುಮಾರು ೦.೬೩ ಮೀಟರು. ೨೫೦ ಮಿಲಿಮೀಟರು ವ್ಯಾಸದ ಚಕ್ರಗರಗಸವು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಅದರ ಹಲ್ಲುಗಳ ವೇಗ ಸೆಕೆಂಡಿಗೆ ಸುಮಾರು ೩೯ ಮೀಟರು. ನಮ್ಮ ಯಂತ್ರದ ವೇಗ ಅದರ ಅರುವತ್ತರಲ್ಲೊಂದು ಪಾಲು! ಅದರಲ್ಲಿಯೂ ಕೊಯ್ಯುವುದು ಇಳಿಯುವಾಗ ಮಾತ್ರ.

ಹಲಗೆಯನ್ನು ನಿಮಿಷಕ್ಕೆ ೧೦೦ ಮಿಲಿಮೀಟರಿನಂತೆ ಸರಿಸಿದರೆ ಒಂದೊಂದು ಇಳಿತದ ಪಾಲಿಗೆ ೦.೧ ಮಿಲಿಮೀಟರು ಮರ ಬರುತ್ತದೆ. ಇಮ್ಮಡಿ ವೇಗದಿಂದ ನೂಕಿದರೆ ೦.೨ ಮಿಲಿಮೀಟರು ಬರುತ್ತದೆ. ಹಲ್ಲುಗಳಿಗೆ ಅಷ್ಟನ್ನು ತೆಗೆಯಲು ಸಾಧ್ಯವಾಗದಿದ್ದರೆ ನಮ್ಮ ನೂಕುಬಲ ಏನಾಗುತ್ತದೆ? ಅದು ಅಲಗನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತದೆ. ಬಾಗಿದ ಅಲಗು ಗೆರೆ ತಪ್ಪುತ್ತದೆ, ಕಾಯುತ್ತದೆ, ಕೊನೆಗೆ ಮುರಿಯುತ್ತದೆ. ಮೆಲ್ಲಗೆ ನೂಕಬೇಕೆಂಬ ಹಿರಿಯರ ಉಪದೇಶದಲ್ಲಿ ಅಡಗಿರುವ ಗಣಿತ ಇದು.

ಇನ್ನೂ ಒಂದು ಲೆಕ್ಕ ಉಂಟು. ೬ ಮಿಲಿಮೀಟರು ದಪ್ಪದ ಹಲಗೆಯನ್ನು ಕೊಯ್ಯುವಾಗ ಮರವನ್ನು ಮುಟ್ಟುವುದು ಅಲಗಿನ ೧೯ + ೬ = ೨೫ ಮಿಲಿಮೀಟರು ಭಾಗ ಮಾತ್ರ. ಸಾಮಾನ್ಯವಾಗಿ ಅಲಗಿನ ಉದ್ದ ಸುಮಾರು ೧೨೭ ಮಿಲಿಮೀಟರು. ಆ ಭಾಗ ಮೊಂಡಾದಾಗ ಅದರ ಮೇಲಿನ ಹಲ್ಲುಗಳು ಇನ್ನೂ ಹರಿತವಾಗಿಯೇ ಇರುತ್ತವೆ. ಮೇಜಿನ ಮೇಲೆ ಸಮತಲವಾದ ಒಂದು ಹಲಗೆಯನ್ನಿಟ್ಟು ಕೆಲಸದ ಮಟ್ಟವನ್ನು ಎತ್ತರಿಸಿದರೆ ಅದೇ ಅಲಗು ಇನ್ನಷ್ಟು ಕಾಲ ದುಡಿಯುತ್ತದೆ.

ಬಿಗಿತ ಮತ್ತು ನೇರ

ಅಲಗನ್ನು ಎಷ್ಟು ಬಿಗಿಯಬೇಕು? ಬೆರಳಿನಿಂದ ಅದರ ಬೆನ್ನನ್ನು ಮೀಟಿ ನೋಡಬೇಕು. ಸಡಿಲವಾದ ಅಲಗು ಮಂಕಾಗಿ ಮಿಡಿಯುತ್ತದೆ. ಬಿಗಿಯಾದುದು ವೀಣೆಯ ತಂತಿಯಂತೆ ಸ್ಪಷ್ಟವಾಗಿ ನುಡಿಯುತ್ತದೆ. ಎಳೆದು ಕಟ್ಟಿದ ತಂತಿಯ ಕಂಪನಸಂಖ್ಯೆ ಎಳೆತದ ವರ್ಗಮೂಲಕ್ಕೆ ಅನುಪಾತವಾಗಿದೆ ಎಂಬುದನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಸ್ವರ ಒಂದು ಸ್ಥಾಯಿ ಮೇಲೇರಬೇಕಾದರೆ ಎಳೆತ ನಾಲ್ಮಡಿಯಾಗಬೇಕು. ಸರಿಯಾಗಿ ಕೊಯ್ಯುವ ಅಲಗಿನ ಸ್ವರವನ್ನು ಕಿವಿಯಲ್ಲಿ ಇರಿಸಿಕೊಂಡವರಿಗೆ ಮುಂದೆ ಬೇರೊಂದು ಅಳತೆಗೋಲು ಬೇಕಾಗುವುದಿಲ್ಲ.

ಅಲಗು ಮೇಜಿಗೆ ಲಂಬವಾಗಿದೆಯೆ ಎಂಬುದನ್ನು ತಿಳಿಯಲು ಸುಂದರವಾದೊಂದು ಪರೀಕ್ಷೆ ಇದೆ. ದಪ್ಪನೆಯ ಮರದ ತುಂಡಿನ ಅಂಚಿನಲ್ಲಿ ಸಣ್ಣದೊಂದು ಸೀಳನ್ನು ಕೊಯ್ದು, ಯಂತ್ರವನ್ನು ನಿಲ್ಲಿಸಿ, ತುಂಡನ್ನು ಅಲಗಿನ ಹಿಂಬದಿಗೆ ತಿರುಗಿಸಿ ತಂದು, ಅಲಗಿನ ಬೆನ್ನು ಅದೇ ಸೀಳಿನಲ್ಲಿ ಸಲೀಸಾಗಿ ಹೋಗುವುದೆ ಎಂದು ನೋಡಬೇಕು. ಮೇಜು ೧ ಡಿಗ್ರಿ ಓರೆಯಾಗಿದ್ದರೆ, ತಿರುಗಿಸಿದಾಗ ಸೀಳಿಗೂ ಅಲಗಿಗೂ ನಡುವೆ ೨ ಡಿಗ್ರಿ ವ್ಯತ್ಯಾಸ ಕಾಣುತ್ತದೆ. ದೋಷವನ್ನು ಇಮ್ಮಡಿಗೊಳಿಸಿ ಕಣ್ಣಿಗೆ ಕಾಣುವಂತೆ ಮಾಡುವ ಈ ಯುಕ್ತಿಯನ್ನು ಬಡಗಿಗಳು ಮೂಲೆಮಟ್ಟವನ್ನು ಮಗುಚಿ ಪರೀಕ್ಷಿಸುವಾಗಲೂ ಬಳಸುತ್ತಾರೆ.

ಓರೆಯು ಯಾವಾಗಲೂ ದೋಷವೇ ಎಂದೇನೂ ಇಲ್ಲ. ಎರಡು ಬಣ್ಣದ ಹಲಗೆಗಳನ್ನು ಒಂದರ ಮೇಲೊಂದಿಟ್ಟು ನೇರವಾಗಿ ಕೊಯ್ದರೆ, ಮೇಲಿನ ಚೂರನ್ನು ಕೆಳಗಿನ ಕಂಡಿಯಲ್ಲಿ ಕೂರಿಸಿದಾಗ ಸುತ್ತಲೂ ಅಲಗಿನ ದಪ್ಪದಷ್ಟು ಸಂದು ಉಳಿಯುತ್ತದೆ. ಮೇಜನ್ನು ತುಸು ವಾಲಿಸಿ, ಚೂರು ಕೆಳಗೆ ಕಿರಿದಾಗಿ ಮೇಲೆ ಹಿರಿದಾಗುವಂತೆ ಕೊಯ್ದರೆ, ಅದು ಬಿರಡೆಯಂತೆ ಇಳಿದು ಸಂದನ್ನು ಮುಚ್ಚುತ್ತದೆ. ಸೀಳಿನ ಅಗಲ ೦.೪ ಮಿಲಿಮೀಟರು, ಒಂದೊಂದು ಹಲಗೆಯ ದಪ್ಪ ೬ ಮಿಲಿಮೀಟರು ಆದರೆ, ಬೇಕಾದ ಕೋನದ ಸ್ಪರ್ಶಜ್ಯೆ ೦.೪/೬, ಎಂದರೆ ಕೋನ ಸುಮಾರು ೪ ಡಿಗ್ರಿ. ಹಲಗೆ ತೆಳುವಾದಷ್ಟೂ ಕೋನ ಹೆಚ್ಚಬೇಕು. ಶಾಲೆಯ ತ್ರಿಕೋನಮಿತಿ ಇಲ್ಲಿ ಮರದಲ್ಲಿ ಮೂಡುತ್ತದೆ.

ಅಲಗು ಗೆರೆಯನ್ನು ಬಿಟ್ಟು ಒಂದೇ ಬದಿಗೆ ಸರಿಯುವುದು ಹೊಸಬರನ್ನು ಬಹಳವಾಗಿ ಕಾಡುವ ಸಮಸ್ಯೆ. ತಮ್ಮ ಕೈ ನಡುಗುತ್ತದೆಂದು ಅವರು ಭಾವಿಸುತ್ತಾರೆ. ನಿಜವಾದ ಕಾರಣ ಅಲಗಿನಲ್ಲಿಯೇ ಇದೆ. ಉಕ್ಕಿನ ಪಟ್ಟಿಯಲ್ಲಿ ಹಲ್ಲು ಮೂಡಿಸುವಾಗ ಒಂದು ಮಗ್ಗುಲಲ್ಲಿ ಸೂಕ್ಷ್ಮವಾದ ಸಿಗುರು ಉಳಿಯುತ್ತದೆ. ಆ ಮಗ್ಗುಲು ಹೆಚ್ಚು ಹರಿತವಾಗಿರುವುದರಿಂದ ಅಲಗು ಅತ್ತ ವಾಲುತ್ತದೆ. ಹಲಗೆಯನ್ನು ಕೆಲವು ಡಿಗ್ರಿಗಳಷ್ಟು ತಿರುಗಿಸಿ ನೂಕಿದರೆ ಸಮಸ್ಯೆ ತೀರಿತು. ಅಳತೆಯ ಉಪಕರಣದ ಸ್ಥಿರದೋಷವನ್ನು ಗುರುತಿಸಿ ತಿದ್ದಿಕೊಳ್ಳುವ ಪ್ರಯೋಗಶಾಲೆಯ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಮರದ ಮನೋಧರ್ಮ

ಅಲಗನ್ನು ಅರಿತಂತೆ ಮರವನ್ನೂ ಅರಿಯಬೇಕು. ಲೋಹದ ತಗಡು ಎಲ್ಲ ದಿಕ್ಕುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಲವುಳ್ಳದ್ದು, ಮರ ಹಾಗಲ್ಲ. ಕಸಪೊರಕೆಯ ಕಡ್ಡಿಗಳ ಕಟ್ಟನ್ನು ನೆನೆಯಿರಿ. ಉದ್ದಕ್ಕೆ ಎಳೆದು ಅದನ್ನು ಹರಿಯುವುದು ಕಷ್ಟ. ಕಡ್ಡಿಯಿಂದ ಕಡ್ಡಿಯನ್ನು ಬೇರ್ಪಡಿಸುವುದು ಸುಲಭ. ಮರವೂ ಬಹುಪಾಲು ಕಾಂಡದ ಉದ್ದಕ್ಕೆ ಮಲಗಿರುವ ನೀಳವಾದ ಕೋಶಗಳ ಕಟ್ಟು. ಆದಕಾರಣ ಜಿಂಕೆಯ ತೆಳುವಾದ ಕಾಲು ಎಳೆಗೆ ಅಡ್ಡಲಾಗಿ ಬರುವಂತೆ ಚಿತ್ರವನ್ನಿಟ್ಟರೆ, ಎಷ್ಟು ನಯವಾಗಿ ಕೊಯ್ದರೂ ಉಜ್ಜುವಾಗ ಅದು ಮುರಿಯುತ್ತದೆ. ಚಿತ್ರವನ್ನು ೯೦ ಡಿಗ್ರಿ ತಿರುಗಿಸಿ ಅಂಟಿಸಿದರೆ ಅದೇ ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲ ದಿಕ್ಕಿಗೂ ಚಾಚಿದ ಸೂಕ್ಷ್ಮ ಚಿತ್ರಗಳಿಗೆ ಪ್ಲೈವುಡ್ ಉತ್ತಮ. ಅದರಲ್ಲಿ ತೆಳುಪದರಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡವಾಗುವಂತೆ ಅಂಟಿಸಿರುವುದರಿಂದ ಒಂದು ಪದರದ ದೌರ್ಬಲ್ಯವನ್ನು ಮತ್ತೊಂದರ ಬಲ ತುಂಬುತ್ತದೆ.

ತೇವವೂ ದಿಕ್ಕನ್ನು ನೋಡಿಯೇ ಕೆಲಸ ಮಾಡುತ್ತದೆ. ಹಸಿಮರ ಪೂರ್ಣವಾಗಿ ಒಣಗುವಾಗ ಎಳೆಯ ಉದ್ದಕ್ಕೆ ಶೇಕಡ ೦.೧ರಿಂದ ೦.೨ರಷ್ಟು ಮಾತ್ರ ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳಿಗೆ ಅಡ್ಡಲಾಗಿ ಸರಾಸರಿ ಶೇಕಡ ೪, ಉಂಗುರಗಳ ಗುಂಟ ಶೇಕಡ ೮ರಷ್ಟು ಕುಗ್ಗುತ್ತದೆ. ಜಾತಿಯಿಂದ ಜಾತಿಗೆ ಈ ಅಂಕಿಗಳು ಬದಲಾಗುತ್ತವೆ. ಅನುಪಾತದ ಸ್ವರೂಪ ಮಾತ್ರ ಹೀಗೆಯೇ ಇರುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿ ಕೂರಿಸಿದ ಚೂರಿನ ಸುತ್ತ ಬೇಸಗೆಯಲ್ಲಿ ಸಂದು ಕಾಣಿಸಿಕೊಳ್ಳುವುದು ಇದರಿಂದಲೇ. ಚೆನ್ನಾಗಿ ಹದಗೊಂಡ ಮರವನ್ನು ಆರಿಸಿ, ಚೂರಿನ ಎಳೆಯೂ ಹಲಗೆಯ ಎಳೆಯೂ ಒಂದೇ ದಿಕ್ಕಿಗಿರುವಂತೆ ಜೋಡಿಸುವುದು ಮೇಲು.

ಕೆಲಸದ ಕ್ರಮವೂ ಮರದ ಬಲವನ್ನೇ ಅವಲಂಬಿಸಿದೆ. ಮೊದಲು ಒಳಗಿನ ಕಂಡಿಗಳು, ಕೊನೆಗೆ ಹೊರಗಿನ ಅಂಚು. ಕಂಡಿಯೊಳಗೆ ಬೈರಿಗೆಯಿಂದ ತೂತು ಕೊರೆದು, ಅಲಗಿನ ಒಂದು ತುದಿಯನ್ನು ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕು. ಹೊರಗಿನ ಮರ ಉಳಿದಿರುವವರೆಗೆ ಹಲಗೆ ಅಲುಗುವುದಿಲ್ಲ, ಬೆರಳುಗಳಿಗೂ ಹಿಡಿಯಲು ಎಡೆಯಿರುತ್ತದೆ. ಅಂಚನ್ನು ಮೊದಲೇ ಕೊಯ್ದವನ ಕೈಯಲ್ಲಿ ಉಳಿಯುವುದು ನಡುಗುವ ಜಾಲರಿ.

ಕಾಣದ ಅಪಾಯ

ಇದು ನಿಧಾನವಾದ ಯಂತ್ರವೆಂದು ಅಸಡ್ಡೆ ಸಲ್ಲದು. ಅಲಗಿನ ನೇರಕ್ಕೆ ಬೆರಳನ್ನಿಡಬಾರದು. ಅಲಗನ್ನು ಬದಲಾಯಿಸುವಾಗ ವಿದ್ಯುತ್ ಸಂಪರ್ಕವನ್ನು ತೆಗೆದಿರಬೇಕು. ಮುರಿದ ಅಲಗಿನ ಚೂರು ಸಿಡಿಯಬಹುದಾದುದರಿಂದ ರಕ್ಷಣೆಯ ಕನ್ನಡಕ ಅವಶ್ಯ. ಇವೆಲ್ಲ ಕಣ್ಣಿಗೆ ಕಾಣುವ ಅಪಾಯಗಳು. ಕಾಣದೆ ಇರುವುದು ದೂಳು. ನೆಲಕ್ಕೆ ಬೀಳುವ ಹೊಟ್ಟಿಗಿಂತ ಗಾಳಿಯಲ್ಲಿ ತೇಲುವ ನವುರಾದ ಕಣವೇ ಕೆಡುಕು. ಅದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುದು. ವರ್ಷಗಟ್ಟಲೆ ಮರದ ದೂಳನ್ನು ಉಸಿರಾಡಿದ ಕೆಲಸಗಾರರಲ್ಲಿ ಮೂಗಿನ ಕುಹರದ ಕ್ಯಾನ್ಸರು ಕಂಡುಬಂದುದರಿಂದ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೫ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಮರದ ದೂಳನ್ನು ಮನುಷ್ಯರಿಗೆ ಕ್ಯಾನ್ಸರು ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಬೀಟೆಯ ಜಾತಿಯ ಮರಗಳ ದೂಳು ಕೆಲವರ ಚರ್ಮದಲ್ಲಿ ತುರಿಕೆಯನ್ನೂ ಗಂದೆಯನ್ನೂ ಎಬ್ಬಿಸುತ್ತದೆ. ಗೆರೆ ಕಾಣಲೆಂದು ಬಾಯಿಂದ ದೂಳನ್ನು ಊದುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು. ಸಣ್ಣ ಕಣಗಳನ್ನು ತಡೆಯುವ ಮುಖಗವಸು, ತೆರೆದ ಕಿಟಕಿ, ಒದ್ದೆಬಟ್ಟೆಯಿಂದ ಒರೆಸಿದ ಮೇಜು ಇವು ಹರಿತವಾದ ಅಲಗಿನಷ್ಟೇ ಮುಖ್ಯವಾದ ಉಪಕರಣಗಳು.

ನೀವೇ ಮಾಡಿ ನೋಡಿ

ಯಂತ್ರವಿಲ್ಲದವರು ಅಲ್ಪ ಬೆಲೆಯ ಫ್ರೆಟ್ ಗರಗಸವನ್ನೂ, ಬಡಗಿಯ ಅಂಗಡಿಯಲ್ಲಿ ಉಳಿದ ಚೂರುಹಲಗೆಯನ್ನೂ ತಂದು ಮೂರು ಪ್ರಯೋಗಗಳನ್ನು ಮಾಡಬಹುದು.

೧. ಒಂದೇ ಹಲಗೆಯಿಂದ ಬೆರಳುದ್ದದ, ೫ ಮಿಲಿಮೀಟರು ಅಗಲದ ಎರಡು ಪಟ್ಟಿಗಳನ್ನು, ಒಂದನ್ನು ಎಳೆಯ ಗುಂಟ, ಇನ್ನೊಂದನ್ನು ಎಳೆಗೆ ಅಡ್ಡಲಾಗಿ ಕೊಯ್ಯಿರಿ. ಎರಡು ಆಸರೆಗಳ ನಡುವೆ ಇಟ್ಟು ನಡುವಿಗೆ ತೂಕ ಕಟ್ಟಿ, ಯಾವುದು ಎಷ್ಟು ತೂಕಕ್ಕೆ ಮುರಿಯಿತೆಂದು ಬರೆದಿಡಿರಿ.

೨. ಅಲಗಿನ ಬಿಗಿತವನ್ನು ಮೂರು ಬಗೆಯಾಗಿ ಬದಲಾಯಿಸಿ, ಒಂದೇ ವೃತ್ತವನ್ನು ಮೂರು ಸಲ ಕೊಯ್ದು, ಬಿಲ್ಲೆಗಳ ಮೇಲ್ಮೈ ಮತ್ತು ಅಡಿಯ ವ್ಯಾಸಗಳನ್ನು ಅಳೆಯಿರಿ.

೩. ತೆಳುವಾದ ಅಡ್ಡಎಳೆಯ ಚೂರಿನ ಅಗಲವನ್ನು ಮಳೆಗಾಲದಲ್ಲಿಯೂ ಬೇಸಗೆಯಲ್ಲಿಯೂ ಅಳೆದು ಹೋಲಿಸಿರಿ.

ಪ್ರತಿ ಪ್ರಯೋಗದಲ್ಲಿಯೂ ಒಂದನ್ನು ಬಿಟ್ಟು ಉಳಿದುದೆಲ್ಲ ಹಿಂದಿನಂತೆಯೇ ಇರಲಿ. ಹಾಗೆ ಮಾಡಿದವರಿಗೆ ಮರವೂ ಉಕ್ಕೂ ತಪ್ಪದೆ ಉತ್ತರ ಹೇಳುತ್ತವೆ. ಆ ಉತ್ತರವನ್ನು ಕೇಳಲು ಬೇಕಾದ ತಾಳ್ಮೆ ಅಭ್ಯಾಸದಿಂದ ಬರುತ್ತದೆ.