‘ಪ್ರಾಣ’ ಶಬ್ದದ ಅರ್ಥವಿಚಾರ

ಪೂಜೆಯಾಗಲಿ ಪಾರಾಯಣವಾಗಲಿ ಮುಗಿದೊಡನೆ ‘ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು’ ಎಂದು ನೀರು ಬಿಡುವುದು ನಮ್ಮ ಮನೆಗಳ ಸಂಪ್ರದಾಯ. ನಾಲಿಗೆಗೆ ಇಷ್ಟು ಪರಿಚಿತವಾದ ‘ಪ್ರಾಣ’ ಶಬ್ದದ ಅರ್ಥವನ್ನು ನಾವು ವಿಚಾರಿಸುವುದು ಮಾತ್ರ ಅಪರೂಪ.

ನನ್ನನ್ನು ಈ ವಿಚಾರಕ್ಕೆ ಹಚ್ಚಿದವನು ನನ್ನ ಮಗ. 2021ರ ಮೇ ತಿಂಗಳಿನಲ್ಲಿ, ಅರ್ಚಕರಾಗಿದ್ದ ನಮ್ಮ ತೀರ್ಥರೂಪರು ಶ್ವಾಸಕೋಶದ ವ್ಯಾಧಿಯಿಂದ ಮನೆಯಲ್ಲೇ ಮಲಗಿದ್ದರು. ಆಗ ಪತ್ರಿಕೆಗಳು ಆಕ್ಸಿಜನ್ನನ್ನು ‘ಪ್ರಾಣವಾಯು’ ಎಂದು ಬರೆಯುತ್ತಿದ್ದವು. ಮಂಚದ ಪಕ್ಕದ ಸಿಲಿಂಡರನ್ನು ನೋಡಿ ಏಳು ವರ್ಷದ ಬಾಲಕನು, “ಅಜ್ಜಾ, ಇದರೊಳಗೆ ಇರುವವರು ಪ್ರಾಣದೇವರೇ?” ಎಂದು ಕೇಳಿದನು. ತಂದೆಯವರು ಮಾಸ್ಕನ್ನು ಸರಿಸಿ, “ಅಲ್ಲ ಮಗು, ಇದನ್ನು ಒಳಗೆ ಎಳೆದುಕೊಳ್ಳುವವರು ಪ್ರಾಣದೇವರು” ಎಂದರು.

ಈ ಉತ್ತರಕ್ಕೆ ಶಬ್ದಶಾಸ್ತ್ರದ ಆಧಾರವಿದೆ. ‘ಅನ್’ ಎಂಬ ಧಾತುವಿಗೆ ಉಸಿರಾಡು, ಜೀವಿಸು ಎಂದು ಅರ್ಥ. ಅದಕ್ಕೆ ‘ಪ್ರ’ ಎಂಬ ಉಪಸರ್ಗ ಸೇರಿದಾಗ ‘ಪ್ರಾಣ’ ಎಂದಾಗುತ್ತದೆ. ಅಪ, ವಿ, ಉತ್, ಸಮ್ ಎಂಬ ಉಪಸರ್ಗಗಳು ಸೇರಿದರೆ ಅಪಾನ, ವ್ಯಾನ, ಉದಾನ, ಸಮಾನ. ಧಾತು ಒಂದೇ, ವ್ಯಾಪಾರ ಬೇರೆ: ಅಪಾನವು ಕೆಳಮುಖವಾಗಿ ವಿಸರ್ಜಿಸುತ್ತದೆ, ವ್ಯಾನವು ದೇಹವೆಲ್ಲ ವ್ಯಾಪಿಸುತ್ತದೆ, ಉದಾನವು ಮೇಲಕ್ಕೆ ಒಯ್ಯುತ್ತದೆ, ಸಮಾನವು ಉಂಡ ಅನ್ನವನ್ನು ಸಮನಾಗಿ ಹಂಚುತ್ತದೆ.

ಐದರಲ್ಲಿ ‘ಪ್ರಾಣ’ಕ್ಕೆ ಮಾತ್ರ ಣಕಾರ, ಉಳಿದ ನಾಲ್ಕಕ್ಕೆ ನಕಾರ ಏಕೆ? ‘ಪ್ರ’ದಲ್ಲಿರುವ ರೇಫದ ಕಾರಣ ಧಾತುವಿನ ನಕಾರವು ಣಕಾರವಾಗುತ್ತದೆಂದು ಪಾಣಿನಿಯ ನಿಯಮ. ಉಳಿದ ನಾಲ್ಕು ಉಪಸರ್ಗಗಳಲ್ಲಿ ರೇಫವಿಲ್ಲ. ಪ್ರಾಣಾಹುತಿಯ ಹೊತ್ತಿನಲ್ಲಿ ಹುಡುಗರು ‘ಪ್ರಾನಾಯ’ ಎಂದಾಗ ಹಿರಿಯರು ಎಲೆಯ ಮುಂದೆಯೇ ತಿದ್ದುವುದು ವ್ಯರ್ಥದ ಹಠವಲ್ಲ.

ಗಾಳಿಯನ್ನು ಹೇಳುವ ‘ಅನಿಲ’ ಶಬ್ದವೂ ಇದೇ ಧಾತುವಿನದು. ಗ್ರೀಕರು ಗಾಳಿಗೆ ಹೇಳುವ ‘ಅನೆಮೋಸ್’, ಲ್ಯಾಟಿನ್ನಿನಲ್ಲಿ ಉಸಿರನ್ನೂ ಜೀವವನ್ನೂ ಹೇಳುವ ‘ಅನಿಮಾ’ ಇದರ ಬಂಧುಗಳೆಂದು ಭಾಷಾವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಆ ‘ಅನಿಮಾ’ದಿಂದ ಬಂದದ್ದೇ ಇಂಗ್ಲಿಷಿನ ‘ಅನಿಮಲ್’. ನಾವು ‘ಪ್ರಾಣಿ’ ಎನ್ನುವುದೂ ಅವರು ‘ಅನಿಮಲ್’ ಎನ್ನುವುದೂ ಉಸಿರುಳ್ಳದ್ದು ಎಂಬ ಒಂದೇ ಅರ್ಥದಿಂದ.

ಹಾಗಾದರೆ ಪ್ರಾಣವೆಂದರೆ ಗಾಳಿಯಷ್ಟೇ ಎಂದು ತಿಳಿಯಬಾರದು. ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದ ಕಥೆಯನ್ನು ನೆನೆಯೋಣ. ತಮ್ಮಲ್ಲಿ ಶ್ರೇಷ್ಠರು ಯಾರೆಂದು ಇಂದ್ರಿಯಗಳಿಗೆ ವಿವಾದವಾಯಿತು. ವಾಕ್ಕು ಒಂದು ವರ್ಷ ದೇಹವನ್ನು ಬಿಟ್ಟಿತು. ದೇಹ ಮೂಕನಂತೆ ಬದುಕಿತು. ಕಣ್ಣು ಹೋಯಿತು, ಕಿವಿ ಹೋಯಿತು, ಮನಸ್ಸೂ ಹೋಯಿತು, ಆದರೂ ಬದುಕಿತು. ಪ್ರಾಣನು ಹೊರಡಲು ಅಣಿಯಾದಾಗ, ಉತ್ತಮಾಶ್ವವು ಕಟ್ಟಿದ ಗೂಟಗಳನ್ನು ಕಿತ್ತೆಳೆಯುವಂತೆ, ಉಳಿದವೆಲ್ಲ ಬುಡಸಹಿತ ಅಲುಗಿದವು. ಆಗ ಅವು ಪ್ರಾಣನಿಗೆ ಶರಣಾದವು. ಜಡವಾದ ಗಾಳಿಗೆ ಯಾರು ಶರಣಾದಾರು? ಮುಖ್ಯಪ್ರಾಣನು ಬರಿಯ ವಾಯುವೂ ಅಲ್ಲ, ಬರಿಯ ಚೇಷ್ಟೆಯೂ ಅಲ್ಲ ಎಂಬುದನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ನಾಲ್ಕನೆಯ ಪಾದವು ನಿರ್ಣಯಿಸಿದೆ. ಗಾಳಿ ಜಡ, ಅದನ್ನು ನಿಯಮಿಸುವ ಚೇತನನು ವಾಯುದೇವನು. ಅವನೂ ಸ್ವತಂತ್ರನಲ್ಲ. ಅವನೊಳಗೆ ನಿಂತು ಪ್ರೇರಿಸುವ ಶ್ರೀಹರಿಯೇ ಪ್ರಾಣಶಬ್ದದ ಪರಮಮುಖ್ಯಾರ್ಥ. ‘ಮುಖ್ಯಪ್ರಾಣಾಂತರ್ಗತ’ ಎಂಬ ಒಂದು ಪದದಲ್ಲಿ ಇಷ್ಟೂ ಅಡಗಿದೆ.

ಆ ಸಂಭಾಷಣೆಯ ನಾಲ್ಕನೆಯ ದಿನ ಬೆಳಗಿನ ಜಾವದಲ್ಲಿ ತಂದೆಯವರು ಹರಿಪಾದವನ್ನು ಸೇರಿದರು. ಸಿಲಿಂಡರಿನಲ್ಲಿ ಇನ್ನೂ ಅರ್ಧದಷ್ಟು ಅನಿಲ ಉಳಿದಿತ್ತು. ಎಳೆದುಕೊಳ್ಳುವವನು ಹೊರಟುಹೋಗಿದ್ದನು. ಅಂದು ಸಂಜೆ ಮಗನು ಏನನ್ನೂ ಕೇಳಲಿಲ್ಲ. ಉತ್ತರ ಅವನಿಗೆ ಮೊದಲೇ ಸಿಕ್ಕಿತ್ತು.

ನಾವು ಎಣಿಸದೆಯೇ ಹಗಲಿರುಳು ಉಸಿರು ನಡೆಯುತ್ತಿದೆ. ಅದನ್ನು ನಡೆಸುವವನನ್ನು ದಿನಕ್ಕೊಮ್ಮೆಯಾದರೂ ಅರ್ಥವರಿತು ಸ್ಮರಿಸಿ ನೀರು ಬಿಡೋಣ.

ಶ್ರೀಕೃಷ್ಣಾರ್ಪಣಮಸ್ತು.